ಮಗ್ಗದ ಕುಣಿ

ಗಜೇಂದ್ರಗಡ
31 ಅಕ್ಟೋಬರ್ 2022, ಸೋಮವಾರ

ದೇವಿಕಾ,

ಬಾಯಿಂದ ಆಡುವ ಮಾತನ್ನು ಬರೆದು ಕಳಿಸಿರಿ ಅಂತೀಯಲ್ಲ, ಇದು ಯಾವ ಊರಿನ ನ್ಯಾಯ? ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕುಳಿತವನು ನಾನು. ಅಲ್ಲಿಂದ ಐವತ್ತೆಂಟು ವರ್ಷದಲ್ಲಿ ಸಹಿ ಬಿಟ್ಟರೆ ಬೇರೆ ಏನೂ ಬರೆದಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ಒಂದು ಸಲ, "ಮಾವಾರ, ಫೋನಿನ್ಯಾಗ ನೀವು ಬರೇ ಒದರ್ತೀರಿ. ಹೇಳೂದೇನೈತಿ ಬರದು ಕಳಸ್ರಿ. ಬರಿಯೂಮುಂದ ಮನಿಷಾ ಸುಳ್ಳ ಹೇಳಾಕ ಸ್ವಲ್ಪ ಹೆದರ್ತಾನ" ಅಂದು ಇಟ್ಟುಬಿಟ್ಟೆ. ಸೊಸೆ ಮಾವನಿಗೆ ಆಡುವ ಮಾತೇ ಅದು?

ನಿನ್ನ ಗಂಡ ಅದಕ್ಕಿಂತ ಮೇಲು. ನೋಟ್‌ಬುಕ್ಕಿನಿಂದ ಹಾಳೆ ಹರಿದು ನನ್ನ ಮುಂದೆ ಒಗೆದು, "ಬರಿಯಪ್ಪಾ, ನರೇಗಲ್ಲಿಗೆ ಲೋಡ್ ಒಯ್ಯುಮುಂದ ಕೊಟ್ಟ ಬರ್ತೀನಿ. ನಿಮ್ಮಿಬ್ಬರ ನಡಕ ನನ್ನ ಎಳೀಬ್ಯಾಡ್ರಿ" ಅಂದ. ಹಾಲೇಶನಿಗೆ ಲಾರಿಯನ್ನು ಓವರ್‌ಟೇಕ್ ಮಾಡುವ ಧೈರ್ಯ ಇದೆ. ಹೆಂಡತಿ ಎದುರು ನಿಂತು ಮನೆಗೆ ಬಾ ಅನ್ನುವ ಧೈರ್ಯ ಇಲ್ಲ.

ಮೊದಲಿಂದ ಬರೆಯುತ್ತೇನೆ. ಗೊತ್ತಿದ್ದರೂ ಓದು.

ಕೂಸಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗ ಅಳಲಿಲ್ಲ, ಮೆದುಳಿಗೆ ಉಸಿರು ಮುಟ್ಟುವುದು ತಡವಾಯಿತು, ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ ಅಂತ ಡಾಕ್ಟರು ಹೇಳಿದ್ದನ್ನು ನೀನೇ ನನಗೆ ಹತ್ತು ಸಲ ಓದಿ ಹೇಳಿದ್ದೀ. ಕುತ್ತಿಗೆ ನಿಂತದ್ದು ಎರಡು ವರ್ಷಕ್ಕೆ. ಕಾಲು ಮಾತ್ರ ಕತ್ತರಿ ಹಾಕಿದಂತೆ ಒಂದರ ಮೇಲೊಂದು ಬಿಗಿ. ರೋಣದಲ್ಲಿ ವ್ಯಾಯಾಮ ಮಾಡಿಸುವ ಅನ್ನಪೂರ್ಣಾ ಮೇಡಂ ಹೋಳಿ ಮುಗಿದ ಮೇಲೆ ಏನು ಹೇಳಿದರು? ಮನೆಯಲ್ಲಿ ಕೂಸಿನ ಎದೆಮಟ್ಟಕ್ಕೆ ಒಂದು ಕುಣಿ ತೆಗೆಯಿರಿ, ಸುತ್ತ ಬಟ್ಟೆ ತುರುಕಿ ದಿನಾ ಅರ್ಧ ತಾಸು ನಿಲ್ಲಿಸಿರಿ, ಮೈಭಾರ ಹೊರುವುದು ಕಾಲಿಗೆ ಗೊತ್ತಾಗಲಿ ಅಂದರು. ಹೊಸ ಕುಣಿ ಯಾಕೆ ಅಂದವನು ನಾನು. ನಮ್ಮದು ಕುಣಿಮಗ್ಗ. ಕಾಲು ಇಳಿಬಿಟ್ಟು ನೇಯಲಿಕ್ಕೆ ನೆಲದಲ್ಲಿ ಕುಣಿ ಇದ್ದೇ ಇದೆ. ನಿಮ್ಮತ್ತೆಯ ಮೊಣಕಾಲು ಹೋದ ಮೇಲೆ ಅವಳ ಮಗ್ಗ ಖಾಲಿ. ಅದರ ಕಾಲ್ಹಲಗೆ ಬಿಚ್ಚಿ, ಕೌದಿ ತುರುಕಿ, ಕೂಸನ್ನು ಅದರಲ್ಲಿ ನಿಲ್ಲಿಸಿ, ಪಕ್ಕದ ಕುಣಿಯಲ್ಲಿ ನಾನು ನೇಯುತ್ತ ಕುಳಿತೆ. ಆರು ತಿಂಗಳು. ಲಾಳಿ ಓಡಿದ ಕಡೆಗೆಲ್ಲ ಅದರ ಕಣ್ಣು ಓಡುತ್ತಿತ್ತು. ನಾನು ಎಣಿಸುತ್ತಿದ್ದೆ. ಕೈ ಬಿಟ್ಟು ನಿಲ್ಲುವುದು ನಾಲ್ಕು ಎಣಿಕೆಯಿಂದ ನಲವತ್ತು ಎಣಿಕೆಗೆ ಬಂತು. ಇದೆಲ್ಲ ಯಾರು ಮಾಡಿದ್ದು?

ಅಮಾವಾಸ್ಯೆಯ ದಿನ, ಇಪ್ಪತ್ತೈದಕ್ಕೆ, ನೀನು ಸೂಡಿಗೆ ಅಕ್ಕನ ಮನೆಗೆ ಹೋಗಿದ್ದೆ. ನಾನು ದಿನದಂತೆ ಕೂಸನ್ನು ಕುಣಿಯಲ್ಲಿ ನಿಲ್ಲಿಸಿದೆ. ಹಬ್ಬಕ್ಕೆ ಕೌದಿ ಒಗೆದು ಹಾಕಿದ್ದರು, ಒಣಗಿರಲಿಲ್ಲ. ಅದಕ್ಕೆ ಸುತ್ತ ಮಣ್ಣು ಹಾಕಿದೆ. ಅಷ್ಟೇ. ಹೊರಗೆ ಅದೇ ಹೊತ್ತಿಗೆ ಸೂರ್ಯನಿಗೆ ಗ್ರಹಣ ಹಿಡಿದಿತ್ತು ಅಂದರೆ ನಾನೇನು ಮಾಡಲಿ? ಈಗಲೇ ಹಿಡಿ ಅಂತ ಗ್ರಹಣಕ್ಕೆ ಚೀಟಿ ಬರೆದು ಕಳಿಸಿದ್ದೆನೇ?

ನೀನು ಐದೂವರೆಗೆ ಒಳಗೆ ಬಂದೆ. ಚೀಲ ಒಗೆದೆ. ಏನು, ಎತ್ತ ಕೇಳದೆ ಕೈಯಿಂದ ಮಣ್ಣು ಕೆದರಿ ಕೂಸನ್ನು ಎಳೆದುಕೊಂಡೆ. ಪಕ್ಕದ ಮನೆಯ ಹೊಳೆವ್ವ ಹಿರಿಯಳು ಅನ್ನದೆ "ಹೊರಗ ನಡೀ" ಅಂದೆ. ಮರುದಿನ ಮೊದಲ ಬಸ್ಸಿಗೆ ತವರುಮನೆ. ನನಗೆ ಕೂಸನ್ನು ಒಂದು ಸಲ ಮುಟ್ಟಗೊಡಲಿಲ್ಲ.

ಅನ್ನ ನುಣ್ಣಗೆ ಕಿವುಚಿ ಕೊಡಬೇಕು. ನಿಮ್ಮವ್ವ ಅಗುಳು ಬಿಡುತ್ತಾಳೆ, ಗಂಟಲಿಗೆ ಸಿಗುತ್ತದೆ. ಗದ್ದದ ಕೆಳಗೆ ಎರಡು ಬೆರಳು ಇಟ್ಟರೆ ನುಂಗುತ್ತದೆ. ಅವಳಿಗೆ ಹೇಳು.

ಬೇಗ ಬಾ. ಆಗಿದ್ದು ಏನೂ ಇಲ್ಲ.

ನಿನ್ನ ಮಾವ
ಗೋಣೆಪ್ಪ


ನರೇಗಲ್
4 ನವೆಂಬರ್ 2022

ಮಾವನವರಿಗೆ ದೇವಿಕಾಳ ನಮಸ್ಕಾರಗಳು.

ಕೌದಿ ಒಣಗಿದ್ದವು. ಆ ದಿನ ಬೆಳಿಗ್ಗೆ ನಾನೇ ಮಡಚಿ ಸಂದೂಕದ ಮೇಲೆ ಇಟ್ಟು ಹೋಗಿದ್ದೆ. ಸಂಜೆ ಅದರಲ್ಲೇ ಒಂದನ್ನು ಎಳೆದು ಮಗಳು ಬನಿಗೆ ಸುತ್ತಿದೆ. ನಿಮ್ಮ ಕಣ್ಣೆದುರಿಗೇ ಸುತ್ತಿದೆ.

ಬುಟ್ಟಿ ಎರಡಿದ್ದವು. ಮಣ್ಣು ಹೊಲದ್ದು, ಅಂಗಳದ್ದಲ್ಲ. ಹೊಳೆವ್ವನ ಕೈಯಲ್ಲಿ ಬೇವಿನ ಸೊಪ್ಪಿತ್ತು. ನಾನು ಇದನ್ನೆಲ್ಲ ಆಗಲೇ ನೋಡಿದ್ದೆ. ನೀವು "ದಿನಾ ನಿಂದರಿಸಿದಂಗ ನಿಂದರಿಸೀನಿ, ಏನ್ ಒದರ್ತಿ" ಅಂದಿರಿ. ಆರು ದಿನದ ಮೇಲೆ ಪತ್ರದಲ್ಲಿಯೂ ಅದನ್ನೇ ಬರೆದಿದ್ದೀರಿ.

ಇಲ್ಲಿಗೆ ಬಂದ ಮೇಲೆ ಮೂರು ದಿನ ಜ್ವರ ಇತ್ತು. ಉಚ್ಚೆಯಲ್ಲಿ ಒದ್ದೆಯಾಗಿ ಎಷ್ಟು ಹೊತ್ತು ನಿಂತಿದ್ದಳೋ. ತೊಡೆಯ ಸಂದಿಯಲ್ಲಿ ಚರ್ಮ ಕೆಂಪಾಗಿ ಹೋಗಿತ್ತು. ಅದು ಮಾಯಿತು. ಈಗ ಬೇರೆ ಶುರುವಾಗಿದೆ. ಪಾದ ನೆಲಕ್ಕೆ ತಾಗಿಸಿದರೆ ಕಾಲನ್ನು ಮೇಲೆಳೆದುಕೊಂಡು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಾಳೆ. ಫರಸಿಕಲ್ಲಿನ ಮೇಲೆ ಇಡಲಿ, ಚಾಪೆಯ ಮೇಲೆ ಇಡಲಿ, ನನ್ನ ಕಾಲ ಮೇಲೆ ಇಡಲಿ, ಅದೇ. ನೀವು ನಲವತ್ತು ಎಣಿಸುತ್ತಿದ್ದಿರಲ್ಲ, ಇಲ್ಲಿ ಒಂದು ಅನ್ನುವುದಕ್ಕೂ ಆಗುತ್ತಿಲ್ಲ.

ಅವಳಿಗೆ ಸಾಕು ಅನ್ನಲು ಬರುವುದಿಲ್ಲ. ಅದು ನಿಮಗೆ ಗೊತ್ತಿತ್ತು.

ಇನ್ನೊಂದು ಮಾತು. ಗ್ರಹಣದಿಂದ ಕೂಸಿನ ಕಾಲಿನ ಬಿಗಿ ಬಿಟ್ಟಿತು ಅಂತ ಹೊಳೆವ್ವ ಓಣಿ ತುಂಬ ಹೇಳುತ್ತಿದ್ದಾಳಂತೆ. ಸೂಡಿಯಲ್ಲಿ ಅಕ್ಕನ ಕಿವಿಗೂ ಬಿದ್ದಿದೆ. ಎಂಟನೇ ತಾರೀಖಿಗೆ ಚಂದ್ರಗ್ರಹಣ ಇದೆ. ಯಾರಾದರೂ ತಮ್ಮ ಕೂಸನ್ನು ಎತ್ತಿಕೊಂಡು ನಿಮ್ಮನ್ನು ಕೇಳಲು ಬಂದರೆ ಏನು ಹೇಳುತ್ತೀರಿ? ಅದನ್ನು ಬರೆಯಿರಿ. ಆಮೇಲೆ ನಾನು ಬರುವ ಮಾತು.

ಅತ್ತೆಯವರ ಮೊಣಕಾಲಿಗೆ ಎಣ್ಣೆ ಮುಗಿದಿರಬೇಕು. ಇವರ ಕೈಯಲ್ಲಿ ಕಳಿಸಿದ್ದೇನೆ.

ದೇವಿಕಾ


ಗಜೇಂದ್ರಗಡ
9 ನವೆಂಬರ್ 2022, ಬುಧವಾರ

ದೇವಿಕಾ,

ಕೌದಿ ಒಣಗಿದ್ದವು. ಸರಿ.

ಮಣ್ಣು ಬೀರಲಿಂಗನ ಗುಡಿಯ ಹೊಲದ್ದು. ಬೆಳಿಗ್ಗೆ ನೀನು ಬಸ್ಸು ಹತ್ತಿದ ಮೇಲೆ ಹೋಗಿ ತಂದೆ. ಬಿಸಿಲಿಗೆ ಹರವಿದೆ, ಬೆಚ್ಚಗಾಗಲಿ ಅಂತ. ಹೊಳೆವ್ವ ಕರೆದದ್ದಕ್ಕೆ ಬಂದಳು. ಅವಳು ಹೇಳಿದಳು ಅಂತ ನಾನು ಮಾಡಲಿಲ್ಲ, ನಾನು ಕರೆದೆ ಅಂತ ಅವಳು ಬಂದಳು. ಇದನ್ನು ಬರೆಯುವುದಕ್ಕೆ ಮೂರು ಹಾಳೆ ಹರಿದೆ.

ಗ್ರಹಣದ ಹೊತ್ತಿಗೆ ನಡುಮಟ್ಟ ಹೂಳಿ ನಿಲ್ಲಿಸಿದರೆ ಭೂಮಿ ಕಾಲಿನ ಬಿಗಿ ಎಳೆದುಕೊಳ್ಳುತ್ತದೆ ಅನ್ನುವುದನ್ನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ಖರೆಯೋ ಸುಳ್ಳೋ ನೋಡಿಲ್ಲ. ನಿನ್ನ ಮೇಡಂ ಹೇಳಿದ್ದೂ ಕುಣಿಯೇ. ಮೇಡಂ ಹೇಳಿದರೆ ವ್ಯಾಯಾಮ, ಹೊಳೆವ್ವ ಹೇಳಿದರೆ ಮೂಢನಂಬಿಕೆ ಅಂತೀರಿ. ನನ್ನ ತಲೆಗೆ ಎರಡೂ ಒಂದೇ ಕುಣಿಯಾಗಿ ಕಾಣಿಸಿದವು. ಆರು ತಿಂಗಳು ಮೇಡಂ ಹೇಳಿದಂತೆ ಮಾಡಿದೆ, ಒಂದು ತಾಸು ಹಿರಿಯರು ಹೇಳಿದಂತೆ ಮಾಡಿದರೆ ಏನು ಹೋಗುತ್ತದೆ ಅಂದುಕೊಂಡೆ. ನನಗೆ ಅರವತ್ತೆಂಟು. ಕೂಸು ನಲವತ್ತು ಎಣಿಕೆ ನಿಲ್ಲುವುದಕ್ಕೆ ಆರು ತಿಂಗಳಾದರೆ ಮನೆಯಿಂದ ಓಣಿಗೆ ನಡೆಯುವುದಕ್ಕೆ ಎಷ್ಟು ವರ್ಷ, ನೀನೇ ಲೆಕ್ಕ ಹಾಕು.

ಕೂಸು ಅಳಲಿಲ್ಲ. ಮೊದಲು ನಕ್ಕಿತು, ಆಟ ಅಂತ ತಿಳಿದು. ಆಮೇಲೆ ನಗು ಬಿಟ್ಟು ನನ್ನ ಮುಖ ನೋಡುತ್ತ ನಿಂತಿತು. ಅದು ನನಗೆ ಕಂಡಿತು. ಕಂಡ ಮೇಲೂ ಎರಡನೇ ಬುಟ್ಟಿ ಸುರಿದೆ.

ಇನ್ನೊಂದನ್ನೂ ಬರೆಯುತ್ತೇನೆ, ಸಿಟ್ಟಾಗು ಬೇಕಾದರೆ. ನೀನು ಎತ್ತಿಕೊಂಡಾಗ ಕೂಸಿನ ಕಾಲು ಸಡಿಲಾಗಿದ್ದವು. ಹತ್ತಿಯ ನೂಲಿನಂತೆ ಇಳಿಬಿದ್ದಿದ್ದವು. ನೀನು ಮುಖ ಒರೆಸುವುದರಲ್ಲಿದ್ದೆ, ನೋಡಲಿಲ್ಲ. ನಾನು ನೋಡಿದೆ, ಹೊಳೆವ್ವ ನೋಡಿದಳು. ಅವಳು ಓಣಿಯಲ್ಲಿ ಹೇಳಿದ್ದು ಅದನ್ನೇ. ಈಗ ನೀನು ಒಂದು ಎಣಿಕೆಯೂ ನಿಲ್ಲುವುದಿಲ್ಲ ಅಂತ ಬರೆದಿದ್ದೀ. ಅದೂ ಖರೆ, ಇದೂ ಖರೆ ಅಂದರೆ ನಾನು ಯಾವುದನ್ನು ಹಿಡಿಯಲಿ?

ನೀನು ಕೇಳಿದ್ದಕ್ಕೆ ಉತ್ತರ. ನಿನ್ನೆ ಮೂರು ಗಂಟೆಗೆ ಪುರ್ತಗೇರಿಯಿಂದ ಕಳಕವ್ವ ಅನ್ನುವ ಹೆಂಗಸು ಬಂದಳು. ಸೊಂಟದ ಮೇಲೆ ಮಗಳ ಮಗ, ಆರು ವರ್ಷದವನು, ಮೈಯೆಲ್ಲ ಕಟ್ಟಿಗೆಯಂತೆ ಬಿಗಿ, ಬಾಯಿಂದ ಜೊಲ್ಲು. ಹೊಸ್ತಿಲಲ್ಲೇ ನಿಂತು ಕೇಳಿದಳು.

"ಗ್ರಹಣದಾಗ ಕೂಸಿನ ಕಾಲ ಬಿಡಿಸಿದ ಗೋಣೆಪ್ಪಜ್ಜಾರ ಮನಿ ಇದ ಏನ್ರಿ?"

"ಬಿಡಸಾಕ ಅದೇನ್ ದಾವಣ್ಯಾಗಿನ ಎಮ್ಮಿ ಏನವಾ?" ಅಂದೆ.

ಅವಳು ನಗಲಿಲ್ಲ. "ಎಷ್ಟ ಆಳ ತೆಗದಿದ್ರಿ? ಮಣ್ಣ ಕರೇದೋ, ಕೆಂಪೋ?"

"ಬ್ಯಾಡವಾ. ಅದೆಲ್ಲಾ ಸುಳ್ಳು."

"ನೀವು ಮೊಮ್ಮಗಳಿಗೆ ಮಾಡಿದ್ದು ಸುಳ್ಳನು?"

"ಮಾಡಿದ್ದು ಖರೆ."

"ಕಾಲ ಸಡ್ಲಾಗಿದ್ದು?"

"ಅದೂ ಖರೆ."

"ಹಂಗಾರ ಸುಳ್ಳ ಯಾವುದ್ರಿ, ಯಜ್ಜಾ?"

ಕೂಸಿಗೆ ಜ್ವರ ಬಂತು, ಈಗ ನೆಲಕ್ಕೆ ಕಾಲು ಊರುವುದಿಲ್ಲ ಅಂತ ಹೇಳಿದೆ. ನಂಬಲಿಲ್ಲ. ಮನೆಗೆ ಹೋದರೆ ತಾನೇ ಹೂಳುತ್ತಾಳೆ ಅಂತ ಮುಖದಲ್ಲೇ ಕಾಣಿಸುತ್ತಿತ್ತು. ಅದಕ್ಕೆ ಕೂರಿಸಿಕೊಂಡೆ. ಹುಡುಗನನ್ನು ಕುಣಿಯಲ್ಲಿ ಇಳಿಸಿ ಕೌದಿ ತುರುಕಿ ಹೇಗೆ ನಿಲ್ಲಿಸಬೇಕು ಅಂತ ತೋರಿಸಿದೆ. ರೋಣದ ಮೇಡಂ ಹೆಸರು ಹೇಳಿದೆ. ಐದೂವರೆಗೆ ಹುಡುಗನನ್ನು ಮೇಲೆ ಎತ್ತಿದೆ. ಆರಕ್ಕೆ ಚಂದ್ರ ಹುಟ್ಟುವಾಗಲೇ ಗ್ರಹಣ. ಅದು ಬಿಡುವವರೆಗೆ ಅವಳು ಏಳಬಾರದು ಅಂತ, "ಚಾ ಇಡ" ಅಂದೆ ಶಿವಬಸವ್ವನಿಗೆ.

"ಗ್ರಹಣ ಹಿಡದೈತಿ, ಚಾ ಇಡ ಅಂತೀರಿ, ತಲಿ ನೆಟ್ಟಗೈತೇನು?" ಅಂದಳು ನಿಮ್ಮತ್ತೆ.

"ನೆಟ್ಟಗಿದ್ದಿದ್ರ ಹ್ವಾದ ಗ್ರಹಣದಾಗೂ ಚಾ ಕುಡದು ಸುಮ್ನ ಕುಂದರ್ತಿದ್ದೆ" ಅಂದೆ.

ನಾನೊಬ್ಬನೇ ಕುಡಿದೆ. ಕಳಕವ್ವ ಕಪ್ಪಿಗೆ ಕೈ ಹಚ್ಚಲಿಲ್ಲ. ಆರೂವರೆ ಆದ ಮೇಲೆ ಎದ್ದು ಹುಡುಗನನ್ನು ಸೊಂಟಕ್ಕೇರಿಸಿಕೊಂಡು, "ನಿಮ್ಮ ಕೂಸಿಗಷ್ಟ ಚಲೋ ಆಗ್ಲಿ ಅಂತ ನನ್ನ ಇಲ್ಲೇ ಕಟ್ಟಿ ಹಾಕಿದ್ರಿ. ನಿಮಗೂ ಇಂಥಾ ಕೂಸೊಂದ ಐತಿ, ನಮ್ಮ ಸಂಕಟ ತಿಳೀತೈತಿ ಅಂದ್ಕೊಂಡಿದ್ದೆ" ಅಂದು ಹೋದಳು.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ನೀನೇ ಹೇಳು. ನನಗಂತೂ ಅವತ್ತು ಮಣ್ಣು ಹಾಕುವಾಗ ಇದ್ದ ಧೈರ್ಯ ನಿನ್ನೆ ಬೇಡ ಅನ್ನುವಾಗ ಇರಲಿಲ್ಲ.

ಗೋಣೆಪ್ಪ


ನರೇಗಲ್
27 ನವೆಂಬರ್ 2022

ಮಾವನವರಿಗೆ ನಮಸ್ಕಾರ.

ಹದಿನೈದು ದಿನ ಬರೆಯಲಿಲ್ಲ. ಇವರು ಎರಡು ಸಲ ಬಂದು ಬರಿಗೈಯಲ್ಲಿ ಹೋದರು. ಬರೆಯಲು ಕುಳಿತಾಗಲೆಲ್ಲ ಒಂದು ಮಾತು ಅಡ್ಡ ಬರುತ್ತಿತ್ತು. ಅದನ್ನೇ ಬರೆದುಬಿಡುತ್ತೇನೆ.

ಗ್ರಹಣದ ಸುದ್ದಿಯನ್ನು ಹೊಳೆವ್ವನ ಹತ್ತಿರ ಮೊದಲು ತೆಗೆದವಳು ನಾನು. ಮಹಾನವಮಿಗಿಂತ ಮುಂಚೆ, ನೀರಿನ ನಳದ ಹತ್ತಿರ. "ದೀಪಾವಳಿಗೆ ಗ್ರಹಣ ಐತಂತ, ಹೌದೇನವಾ" ಅಂತ ಸುಮ್ಮನೆ ಕೇಳಿದಂತೆ ಕೇಳಿದೆ. ಸುಮ್ಮನೆ ಕೇಳಿದ್ದಲ್ಲ. ಅವಳಿಗೂ ಅರ್ಥವಾಯಿತು. "ನಡಮಟಾ ಹೂತ್ರ ಆತು, ಯಾರಿಗೂ ಹೇಳಬ್ಯಾಡ" ಅಂದಳು. ಅಷ್ಟು ಹೊತ್ತು ಬನಿ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು.

ಆಮೇಲೆ ನಾನು ಮೇಡಂ ಕೊಟ್ಟ ಪುಸ್ತಕ ಓದಿದೆ. ಎಲ್ಲಾ ತಿಳಿದಿದೆ ನನಗೆ. ಪಿಯುಸಿ ಓದಿದ್ದೇನೆ. ಆದರೂ ಆ ದಿನ ಹತ್ತಿರ ಬಂದಂತೆ ನನ್ನ ಮೇಲೆ ನನಗೆ ನಂಬಿಕೆ ಉಳಿಯಲಿಲ್ಲ. ಮನೆಯಲ್ಲಿದ್ದರೆ ಮಾಡಿಬಿಡುತ್ತೇನೆ ಅನ್ನಿಸಿತು. ಅದಕ್ಕೇ ಸೂಡಿಗೆ ಹೋದೆ. ಅಕ್ಕನನ್ನು ನೋಡುವುದು ಒಂದು ನೆಪ. ಹಬ್ಬದ ಬಸ್ಸಿನ ಗದ್ದಲದಲ್ಲಿ ಅವಳನ್ನು ಒಯ್ಯಲಾಗದು ಅನ್ನುವುದೂ ಅರ್ಧ ನೆಪವೇ. ಅವಳನ್ನು ನಿಮ್ಮ ಹತ್ತಿರ ಬಿಟ್ಟೆ. ಮಾವನವರು ಸಿಟ್ಟಿನವರು, ದೇವರ ಮಾತು ಹೇಳಿದವರಿಗೂ ಎದುರುತ್ತರ ಕೊಡುವವರು, ಇಂಥದ್ದಕ್ಕೆ ಬಗ್ಗುವುದಿಲ್ಲ ಅಂದುಕೊಂಡಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಎಷ್ಟು ಹಗುರ ಆಗಿತ್ತು ಗೊತ್ತೇ? ಸೂರ್ಯ ಮುಳುಗಿದರೆ ಗ್ರಹಣ ಮುಗಿದಂತೆ, ನಾನು ಮಾಡಲಿಲ್ಲ, ತಪ್ಪಿಸಿಕೊಂಡೆ ಅಂತ. ಬಾಗಿಲು ತೆಗೆದರೆ ನೀವು.

ಕಾಲು ಸಡಿಲಾಗಿದ್ದನ್ನು ನಾನೂ ನೋಡಿದೆ. ನೋಡಲಿಲ್ಲ ಅಂತ ನೀವು ಬರೆದಿದ್ದೀರಿ. ಮುಖ ಒರೆಸುತ್ತಿದ್ದರೂ ಕೈಗೆ ಗೊತ್ತಾಯಿತು. ಅರೆಗಳಿಗೆ ನನಗೆ ಸಂತೋಷವಾಯಿತು. ಅದಕ್ಕಾಗಿ ನಿಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು.

ಇದರಿಂದ ನಿಮ್ಮ ತಪ್ಪು ಕಡಿಮೆಯಾಗುತ್ತದೆ ಅಂತ ತಿಳಿಯಬೇಡಿ. ನನ್ನದು ಹೆಚ್ಚಾಗುತ್ತದೋ ಏನೋ ಅದೂ ಗೊತ್ತಾಗುತ್ತಿಲ್ಲ. ಕಳಕವ್ವನಿಗೆ ನೀವು ಹೇಳಿದ್ದು ಸರಿ. ಚಹಾ ಕುಡಿದದ್ದನ್ನು ಓದಿ ಅವ್ವ ನಕ್ಕಳು. ನಾನು ನಗಲಿಲ್ಲ.

ದೇವಿಕಾ


ಗಜೇಂದ್ರಗಡ
5 ಡಿಸೆಂಬರ್ 2022

ದೇವಿಕಾ,

ನಿನ್ನ ಪತ್ರ ಓದಿದೆ. ಶಿವಬಸವ್ವ ಏನು ಬರೆದಾಳೆ ಅಂತ ಕೇಳಿದಳು. ಎಣ್ಣೆಯ ಸುದ್ದಿ ಅಂದೆ. ಅವಳಿಗೆ ಹೇಳುವುದಿಲ್ಲ, ಹಾಲೇಶನಿಗೂ ಹೇಳುವುದಿಲ್ಲ. ನೀನು ಹೇಳಿದರೆ ಹೇಳು.

ನಿನಗೆ ಬೈಯಬೇಕು ಅಂತ ಕುಳಿತೆ. ನೀನು ಮೊದಲೇ ನನಗೆ ಬಂದು, ಮಾವಾರ, ನನಗೆ ಹೀಗೆ ಅನ್ನಿಸುತ್ತಿದೆ ಅಂದಿದ್ದರೆ ನಾನು ಒದರಿ ನಿನ್ನನ್ನೂ ಬಿಡಿಸುತ್ತಿದ್ದೆ, ನನ್ನನ್ನೂ ಬಿಡಿಸಿಕೊಳ್ಳುತ್ತಿದ್ದೆ. ಅಥವಾ ಇಬ್ಬರೂ ಕೂಡಿಯೇ ಹೂಳುತ್ತಿದ್ದೆವೋ. ಅದೂ ಆಗಬಹುದಿತ್ತು. ನಾನೂ ನಿನಗೆ ಹೇಳಲಿಲ್ಲ. ಒಂದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಣ್ಣುತ್ತ ಇಬ್ಬರೂ ಹೊಳೆವ್ವನನ್ನು ಕೇಳಿದೆವು. ಅವಳು ಇಬ್ಬರಿಗೂ ಯಾರಿಗೂ ಹೇಳಬೇಡ ಅಂದಳು. ನಿನ್ನೆ ಅವಳ ಮುಂದೆ ಹಾಯ್ದು ಹೋಗುವಾಗ, "ಏನಣ್ಣಾ, ಕೂಸು ನಡಿಯಾಕ ಹತ್ತೇತೇನು" ಅಂತ ಕೇಳಿದಳು. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದಳು. ಕುಹಕ ಇರಲಿಲ್ಲ. ಬೈಯುವುದಕ್ಕೆ ಬಾಯಿ ತೆಗೆದು, "ಇಲ್ಲವಾ, ಇದ್ದದ್ದೂ ಹೋತು" ಅಂದೆ. ಅವಳ ಮುಖ ಸಣ್ಣದಾಯಿತು.

ಕಳಕವ್ವನ ಸುದ್ದಿ ಇಲ್ಲ. ಪುರ್ತಗೇರಿಯವರು ಸಂತೆಯಲ್ಲಿ ಸಿಕ್ಕರೆ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ. ಹುಡುಗನ ಕಾಲು ಚಲೋ ಆಗಿದೆ ಅಂದರೆ ಏನು ಮಾಡಲಿ? ಚಲೋ ಆಗಿಲ್ಲ ಅಂದರೂ ಏನು ಮಾಡಲಿ?

ಸಿಟ್ಟಿನವನು ಬಗ್ಗುವುದಿಲ್ಲ ಅಂದುಕೊಂಡೆಯಲ್ಲ, ಅದು ನಿನ್ನ ತಪ್ಪು. ಸಿಟ್ಟು ಅಂದರೆ ಧೈರ್ಯ ಅಂತ ಯಾರು ಹೇಳಿದರು ನಿನಗೆ?

ಕೂಸು ನೆಲಕ್ಕೆ ಕಾಲು ಊರಿತೇ? ಒಂದು ಸಾಲು ಬರೆ.

ಗೋಣೆಪ್ಪ


ನರೇಗಲ್
28 ಡಿಸೆಂಬರ್ 2022

ಮಾವನವರಿಗೆ,

ಕಾಲು ಊರಿಲ್ಲ.

ಅನ್ನಪೂರ್ಣಾ ಮೇಡಂ ಬುಧವಾರಕ್ಕೊಮ್ಮೆ ರೋಣಕ್ಕೆ ಕರೆತನ್ನಿ, ಪಾದದ ಹೆದರಿಕೆ ಬಿಡಿಸುವುದನ್ನು ಮೊದಲಿಂದ ಶುರುಮಾಡೋಣ, ಮೂರು ತಿಂಗಳು ತಪ್ಪಿಸಬಾರದು ಅಂದಿದ್ದಾರೆ. ನನಗೆ ಇಲ್ಲಿಯ ಸಾಲೆಯಲ್ಲಿ ಅಡುಗೆ ಸಹಾಯಕಿಯ ಕೆಲಸ ಸಿಕ್ಕಿದೆ. ಹೊಸದಾಗಿ ಸೇರಿದವಳು ಪ್ರತಿ ಬುಧವಾರ ರಜೆ ಕೇಳಲಾಗದು. ಅವ್ವನಿಗೆ ಬಸ್ಸಿನಲ್ಲಿ ಅವಳನ್ನು ಹಿಡಿದು ಕೂರಲು ತೋಳಿನಲ್ಲಿ ಶಕ್ತಿ ಇಲ್ಲ. ಇವರು ಯಾವ ದಿನ ಯಾವ ರೋಡಿನಲ್ಲಿ ಇರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಎರಡು ಬುಧವಾರ ಹೋದವು.

ನಿಮ್ಮನ್ನು ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳಿದಿರಿ, ಅದಕ್ಕೆ ಬರೆದೆ.

ದೇವಿಕಾ


ಗಜೇಂದ್ರಗಡ
19 ಜನವರಿ 2023, ಗುರುವಾರ

ದೇವಿಕಾ,

ಕೇಳುತ್ತಿಲ್ಲ ಅಂತ ಬರೆದೆ. ಕೇಳದಿದ್ದರೂ ಹೋದೆ. ಮೂರು ಬುಧವಾರ ರೋಣಕ್ಕೆ ಹೋಗಿ ಬಂದೆ. ಕೂಸು ಇಲ್ಲದೆ ಅಜ್ಜ ಯಾಕೆ ಬಂದ ಅಂತ ಅಲ್ಲಿಯ ತಾಯಂದಿರು ಮುಖ ಮುಖ ನೋಡಿಕೊಂಡರು.

ಮೊದಲನೇ ಸಲ ಮೇಡಂ ಒಳಗೆ ಬಿಡಲಿಲ್ಲ. "ನೀವ ಏನ್ರಿ ಮಣ್ಣ ಹಾಕಿದವ್ರು?" ಅಂದರು. ನಿನ್ನ ವಯಸ್ಸಿನ ಹುಡುಗಿ. ಹೌದು ಅಂದೆ. "ಎಷ್ಟ ಹಾಕಿದ್ರಿ, ಕೈಲೆ ತೋರಸ್ರಿ." ತೋರಿಸಿದೆ. ಅವರು ತಮ್ಮ ಮೇಜಿನ ಕೆಳಗಿಂದ ಉಸುಕಿನ ಚೀಲ ತೆಗೆದು, ನನ್ನನ್ನು ಚಾಪೆಯ ಮೇಲೆ ಮಲಗಿಸಿ, ನಡುವಿನ ಮೇಲೆ ಒಂದು, ಹೊಟ್ಟೆಯ ಮೇಲೆ ಒಂದು ಇಟ್ಟರು. "ಈಗ ನನಗ ಸಾಕು ಅನ್ರಿ. ಬಾಯಿ ತಗೀಬ್ಯಾಡ್ರಿ, ಕೈ ಎತ್ತಬ್ಯಾಡ್ರಿ, ಅಂದ್ರ ತಗೀತೀನಿ." ನಾನು ಅವರ ಮುಖ ನೋಡಿದೆ. ನೋಡುತ್ತಲೇ ಇದ್ದೆ. ಅವರು ಇನ್ನೊಂದು ಕೂಸಿನ ಕೈ ಬಿಡಿಸಲು ಹೋಗಿಬಿಟ್ಟರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ ತೆಗೆದರು. ಸಿಟ್ಟು ಬಂದಿತ್ತು, ಎದ್ದು ಹೋಗಿಬಿಡಬೇಕು ಅನ್ನಿಸಿತ್ತು. ಹೋಗಲಿಲ್ಲ.

ಎರಡನೇ ಸಲ ಬಾಗಿಲ ಹತ್ತಿರ ಕೂರಗೊಟ್ಟರು. ನಾನು ಕೇಳಬೇಕಾದ್ದನ್ನು ಕೇಳಿದೆ.

"ಮೇಡಂ, ಕೂಸಿನ ಕಾಲ ಸಡ್ಲಾಗಿದ್ದು ಖರೇ ಐತ್ರಿ. ನಾ ನೋಡೀನಿ."

"ಆಗಿರತಾವ್ರಿ. ಬೆಚ್ಚನ್ನ ಮಣ್ಣಿನ್ಯಾಗ ಹಿಡದಂಗ ಇದ್ರ ಸಡ್ಲಾಗತಾವ. ಬಿಸಿನೀರಿನ್ಯಾಗ ಅದ್ದಿದ ಅರಿವಿ ಸುತ್ತಿದ್ರೂ ಆಗತಾವ. ತಾಸ ಆದ ಮ್ಯಾಲೆ ಮತ್ತ ಬಿಗೀತಾವ. ಹೆದರಿಕಿ ಮಾತ್ರ ಉಳೀತೈತಿ."

"ಹಂಗಾರ ಗ್ರಹಣದ್ದು ಏನೂ ಇಲ್ಲನು?"

"ಏನೂ ಇಲ್ರಿ" ಅಂದರು, ಬೇರೆ ಕಡೆ ನೋಡುತ್ತ.

ಅಷ್ಟು ಬೇಗ ಅಂದರು. ಅವರಿಗೆ ಅದು ತೀರಾ ಸಣ್ಣ ಮಾತು. ನಾನು ಬಸ್ಸಿನಲ್ಲಿ ಕುಳಿತು ನರೇಗಲ್ ದಾಟುವವರೆಗೆ ಏನೂ ಇಲ್ಲ, ಏನೂ ಇಲ್ಲ ಅಂತ ಅಂದುಕೊಂಡು ಬಂದೆ. ನಿಮ್ಮ ಮನೆಯ ತಿರುವು ಬಂದಾಗ ಇಳಿಯಬೇಕು ಅನ್ನಿಸಿತು. ಇಳಿಯಲಿಲ್ಲ, ನೀನು ಬಾ ಅಂದಿರಲಿಲ್ಲ.

ನಿನ್ನೆ ಮೂರನೇ ಸಲ. ಮೇಡಂ ಬೇರೆ ಯಾರದೋ ಕೂಸಿನ ಪಾದ ನನ್ನ ಅಂಗೈಗೆ ಕೊಟ್ಟು ಹೇಳಿಕೊಟ್ಟರು. ನೆಲ ತೋರಿಸಬಾರದಂತೆ. ಮೊದಲು ಅಂಗೈ. ಹಿಮ್ಮಡಿ ಅಂಗೈಯಲ್ಲಿ ಕೂರಬೇಕು, ಒತ್ತಬಾರದು, ಕೂಸು ತಾನೇ ಒತ್ತುವವರೆಗೆ ಕಾಯಬೇಕು. ಒತ್ತಲಿಲ್ಲವೋ, ಅವತ್ತಿಗೆ ಅಷ್ಟೇ. ಆಮೇಲೆ ಪರಾತದ ತಟ್ಟೆಯಲ್ಲಿ ಹರವಿದ ಜೋಳದ ಮೇಲೆ ಪಾದ. ಆಮೇಲೆ ಚಾಪೆ. ನೆಲ ಯಾವ ತಿಂಗಳಿಗೋ. ನನ್ನ ಅಂಗೈ ನೋಡಿ, "ಭಾಳ ಬಿರುಸೈತಿ, ಎಣ್ಣಿ ಹಚ್ಕೊಂಡ ಬರ್ರಿ" ಅಂದರು. ನೇಯ್ದ ಕೈ, ಮತ್ತೇನು ಹೂವಿನಂತೆ ಇರುತ್ತದೆಯೇ ಅಂದೆ. ನಕ್ಕರು. ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದರು. "ಅಜ್ಜಾರ, ನಿಮ್ಮ ಕೂಸು ನಿಮ್ಮನ್ನ ನೋಡಿದ ಕೂಡ್ಲೆ ಕಾಲ ಎಳಕೊಂತು ಅಂದ್ರ ನೀವು ಹೊರಗ ಕುಂದರಬೇಕು. ಒಂದ ವಾರ ಆಗ್ಲಿ, ಹತ್ತ ವಾರ ಆಗ್ಲಿ. ಬೈಯಂಗಿಲ್ಲ, ಅಳಂಗಿಲ್ಲ. ಆಗತೈತೇನು?"

ಆಗುತ್ತದೆ ಅಂದೆ. ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಕೂಸು ನನ್ನನ್ನು ನೋಡಿ ಕಾಲು ಎಳೆದುಕೊಂಡರೆ ನನ್ನ ಮೋರೆ ಹೇಗಾಗುತ್ತದೋ ನಾನು ನೋಡಿಲ್ಲ.

ಮೇಡಂ ತಮ್ಮ ಪುಸ್ತಕದಲ್ಲಿ ಬುಧವಾರ ಕರೆತರುವವರು ಅನ್ನುವ ಕಡೆ ನನ್ನ ಹೆಸರು ಬರೆದಿದ್ದಾರೆ, ಪೆನ್ಸಿಲಿನಿಂದ. ತಾಯಿ ಒಪ್ಪಿದ ಮೇಲೆ ಪೆನ್ನಿನಿಂದ ಬರೆಯುತ್ತಾರಂತೆ. ಮೊದಲ ಬಸ್ಸಿಗೆ ನರೇಗಲ್ಲಿಗೆ ಬರುತ್ತೇನೆ. ನೀನು ಸಾಲೆಗೆ ಹೋಗುವ ಮುಂಚೆ ಕೂಸನ್ನು ಕೈಗೆ ಕೊಡು. ನಾಲ್ಕರೊಳಗೆ ತಿರುಗಿ ತಂದು ಬಿಡುತ್ತೇನೆ. ಅನ್ನದ ಡಬ್ಬಿ ನಾನೇ ತರುತ್ತೇನೆ, ಕಿವುಚಿ. ಗಜೇಂದ್ರಗಡಕ್ಕೆ ಬಾ ಅನ್ನುವುದಿಲ್ಲ. ಅದು ನೀನೂ ಹಾಲೇಶನೂ ಮಾತಾಡಿಕೊಳ್ಳುವ ವಿಷಯ.

ಇಷ್ಟು ಬರೆದು ನಿಲ್ಲಿಸಬೇಕಿತ್ತು. ಆದರೆ ನಿನಗೆ ಬರೆಯುವಾಗ ಸುಳ್ಳು ಹೇಳಿ ಒಂದು ಸಲ ಸಿಕ್ಕಿಬಿದ್ದಿದ್ದೇನೆ. ಅದಕ್ಕೆ ಇದನ್ನೂ ಬರೆಯುತ್ತೇನೆ. ನಾನು ಬದಲಾಗಿದ್ದೇನೆ ಅಂತ ತಿಳಿಯಬೇಡ. ಮೇಡಂ ಹೇಳಿದ್ದನ್ನು ನಂಬುತ್ತೇನೆ. ನಂಬಿದ ಮೇಲೂ ಒಳಗೆ ಒಂದು ಕಡೆ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ ಅನ್ನುತ್ತದೆ. ಬೈದರೂ ಹೋಗುವುದಿಲ್ಲ. ನಿನಗೂ ಅದು ಹೋಗಿದೆಯೋ ಇಲ್ಲವೋ ನಾನು ಕೇಳುವುದಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ. ಬರುವ ಅಕ್ಟೋಬರ್ 28ಕ್ಕೆ ಗ್ರಹಣ ಇದೆ. ಆ ದಿನ ಕೂಸನ್ನು ನನ್ನ ಹತ್ತಿರ ಬಿಡಬೇಡ. ನೀನೂ ಒಬ್ಬಳೇ ಇಟ್ಟುಕೊಳ್ಳಬೇಡ. ಇಬ್ಬರಿಗಿಂತ ಗಟ್ಟಿ ಇರುವ ಯಾರಾದರೊಬ್ಬರ ಮನೆ ಹುಡುಕು. ನಾನು ಬಂದು ಬಾಗಿಲು ಬಡಿದರೂ ತೆಗೆಯಬೇಡಿರಿ ಅಂತ ಅವರಿಗೆ ಹೇಳು.

ಉಳಿದ ದಿನ ಬಿಡುತ್ತೀಯೋ ಇಲ್ಲವೋ? ಹೌದು ಅಂತ ಬರೆ, ಇಲ್ಲವಾದರೆ ಇಲ್ಲ ಅಂತ ಬರೆ. ಇಪ್ಪತ್ತೈದಕ್ಕೆ ಬುಧವಾರ. ಇಪ್ಪತ್ನಾಲ್ಕು, ಮಂಗಳವಾರದೊಳಗೆ ನಿನ್ನ ಉತ್ತರ ನನ್ನ ಕೈಗೆ ಬರಬೇಕು.

ಗೋಣೆಪ್ಪ